ಮಕ್ಕಳ ಜೊತೆ ವಿದೇಶದ ಒಂದು ನಗರ: ಅರ್ಧ ದಿನದ ಲೆಕ್ಕದಲ್ಲಿ ಪ್ಲಾನ್ ಮಾಡುವ ಸಮಗ್ರ ಮಾರ್ಗದರ್ಶಿ

ಟಿಕೆಟ್ ಹುಡುಕುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಐದು ದಿನದ ಟ್ರಿಪ್ ಅಂತ ಇಟ್ಟುಕೊಳ್ಳೋಣ. ಐದು ದಿನ ಅಂದರೆ ಹತ್ತು ಅರ್ಧ ದಿನ. ಹೋಗುವ ದಿನದ ಎರಡು ಹೊಡೆದು ಹಾಕಿ. ವಾಪಸ್ ಬರುವ ದಿನದ ಎರಡು ಹೊಡೆದು ಹಾಕಿ. ಉಳಿದದ್ದು ಆರು. ಅದರಲ್ಲಿ ಒಂದು ಮಳೆಗೋ, ಜ್ವರಕ್ಕೋ, "ನಾನು ಎಲ್ಲೂ ಬರಲ್ಲ" ಅನ್ನುವ ಹಠಕ್ಕೋ ಹೋಗುತ್ತದೆ. ಹೋಗಿಯೇ ಹೋಗುತ್ತದೆ. ಕೈಯಲ್ಲಿ ಉಳಿಯುವುದು ಐದು.

ಅಂದರೆ ಐದು ದಿನದ ಟ್ರಿಪ್ಪಿನಲ್ಲಿ ನೀವು ನೆಮ್ಮದಿಯಾಗಿ ನೋಡಬಹುದಾದ ದೊಡ್ಡ ಜಾಗಗಳು ಐದೇ. ಹದಿನೈದಲ್ಲ.

ನಮ್ಮ ಮೊದಲ ಟ್ರಿಪ್ಪಿನಲ್ಲಿ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ನಾಲ್ಕು ದಿನಕ್ಕೆ ಹದಿನಾಲ್ಕು ಜಾಗದ ಪಟ್ಟಿ ಮಾಡಿ, ಬಣ್ಣ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ಅದನ್ನು ಪ್ಲಾಸ್ಟಿಕ್ ಕವರಿಗೆ ಬೇರೆ ಹಾಕಿಕೊಂಡಿದ್ದೆ. ಎರಡನೇ ದಿನ ಮಧ್ಯಾಹ್ನ ಮೂರು ವರ್ಷದ ಮಗ ಒಂದು ದೊಡ್ಡ ಸ್ಟೇಷನ್ನಿನ ಮಧ್ಯದಲ್ಲೇ ನೆಲದ ಮೇಲೆ ಮಲಗಿಬಿಟ್ಟ. ಅಳಲಿಲ್ಲ, ಕಿರುಚಲಿಲ್ಲ, ಸುಮ್ನೆ ಮಲಗಿಬಿಟ್ಟ. ಜನ ದಾಟಿಕೊಂಡು ಹೋಗುತ್ತಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಪ್ಲಾನ್ ಅಂದರೆ ಅರ್ಧ ದಿನದ ಲೆಕ್ಕ ಮಾತ್ರ. ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಆ ಲೆಕ್ಕದ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಊರು ಆರಿಸುವುದು

ಒಂದೇ ಊರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮ್ಯಾಪ್ ನೋಡುತ್ತಾ ಕೂತಾಗ "ರೈಲಿನಲ್ಲಿ ಎರಡೇ ಗಂಟೆ, ಆ ಊರನ್ನೂ ಸೇರಿಸೋಣ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ರೈಲು ಎರಡು ಗಂಟೆಯದೇ ಇರಬಹುದು. ಆದರೆ ರೂಮ್ ಖಾಲಿ ಮಾಡಿ, ಲಗೇಜ್ ಕಟ್ಟಿ, ಸ್ಟೇಷನ್ ಮುಟ್ಟಿ, ಆ ಕಡೆ ಇಳಿದು, ಹೊಸ ರೂಮಿನ ಕೀ ಸಿಗುವವರೆಗೆ ಕಾದು, ಮಕ್ಕಳಿಗೆ ಬಾತ್‌ರೂಮ್ ಎಲ್ಲಿ ಅಂತ ತೋರಿಸುವ ಹೊತ್ತಿಗೆ ಎರಡು ಅರ್ಧ ದಿನ ಹೋಗಿರುತ್ತದೆ. ಇದ್ದದ್ದೇ ಐದು, ಅಲ್ವಾ?

ಊರು ಆರಿಸುವಾಗ ನಾನು ಮೊದಲು ನೋಡುವುದು ಪ್ರಯಾಣದ ಹೊತ್ತು ಮತ್ತು ಸಮಯದ ವ್ಯತ್ಯಾಸ. ನಾಲ್ಕೈದು ದಿನದ ಟ್ರಿಪ್ಪಿಗೆ ಮೂರು ಗಂಟೆಗಿಂತ ಜಾಸ್ತಿ ಸಮಯದ ವ್ಯತ್ಯಾಸ ಇರುವ ಊರು ಬೇಡ ಅನ್ನುವುದು ನನ್ನ ಲೆಕ್ಕ. ದೇಹದ ಗಡಿಯಾರ ಹೊಸ ಸಮಯಕ್ಕೆ ಹೊಂದಿಕೊಳ್ಳಲು ಅಂದಾಜು ಗಂಟೆಗೊಂದು ದಿನ ಬೇಕು. ಆರು ಗಂಟೆ ವ್ಯತ್ಯಾಸ ಇರುವ ಊರಿಗೆ ಹೋದರೆ, ಮಕ್ಕಳು ಅಲ್ಲಿಗೆ ಹೊಂದಿಕೊಳ್ಳುವಷ್ಟರಲ್ಲಿ ನೀವು ವಾಪಸ್ ವಿಮಾನದಲ್ಲಿರುತ್ತೀರಿ. ಪೂರ್ವದ ಕಡೆ ಹೋದರೆ ಇನ್ನೂ ಕಷ್ಟ, ಯಾಕೆಂದರೆ ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ದೂರದ ಊರೇ ಬೇಕು ಅಂದರೆ ದಿನ ಜಾಸ್ತಿ ಮಾಡಿ.

ಎರಡನೆಯದು ನೆಲ. ಹೌದು, ಕಾಲಿಟ್ಟು ನಡೆಯುವ ನೆಲವೇ. ತಳ್ಳುಗಾಡಿ ಬೇಕಾಗುವ ವಯಸ್ಸಿನ ಮಗು ಇದ್ದರೆ ವೆನಿಸ್ ಸುಂದರವಾದ ಶಿಕ್ಷೆ. ಅಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಲಿಸ್ಬನ್ ಗುಡ್ಡಗಳ ಮೇಲೆ ಕೂತ ಊರು, ನೆಲಕ್ಕೆ ನುಣುಪಾದ ಸಣ್ಣ ಕಲ್ಲು ಹಾಸಿದ್ದಾರೆ. ಪ್ಯಾರಿಸ್ಸಿನ ಹಳೆಯ ಮೆಟ್ರೋ ಸ್ಟೇಷನ್‌ಗಳಲ್ಲಿ ಬಹುಪಾಲಿಗೆ ಲಿಫ್ಟ್ ಇಲ್ಲ, ಗಾಡಿಯನ್ನು ಹೊತ್ತುಕೊಂಡೇ ಇಳಿಯಬೇಕು. 14ನೇ ಲೈನ್ ಒಂದು ಪೂರ್ತಿ ಲಿಫ್ಟ್ ಇರುವಂಥದ್ದು, ಉಳಿದ ಕಡೆಗೆ ಬಸ್ಸೇ ವಾಸಿ. ಲಂಡನ್ನಿನಲ್ಲಿ ಭೂಗತ ರೈಲಿನ ಸ್ಟೇಷನ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಮೆಟ್ಟಿಲಿಲ್ಲದ ದಾರಿ ಇದೆ. ಆದರೆ ಎಲಿಜಬೆತ್ ಲೈನಿನ ಎಲ್ಲ ಸ್ಟೇಷನ್‌ಗಳಲ್ಲೂ ಇದೆ. ಕೋಪನ್‌ಹೇಗನ್, ಸಿಂಗಾಪುರದ ಮೆಟ್ರೋಗಳಲ್ಲಿ ಈ ತಲೆಬಿಸಿಯೇ ಇಲ್ಲ, ಎಲ್ಲ ಕಡೆ ಲಿಫ್ಟ್ ಸಿಗುತ್ತದೆ.

ಮೂರನೆಯದು ಹವೆ ಮತ್ತು ಬೆಳಕು. ದುಬೈ ಜುಲೈ, ಆಗಸ್ಟ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಹೋದರೆ ನಿಮ್ಮ ಟ್ರಿಪ್ ಒಂದು ಮಾಲಿನಿಂದ ಇನ್ನೊಂದು ಮಾಲಿಗೆ ಅಷ್ಟೇ. ಸಿಂಗಾಪುರ ಭೂಮಧ್ಯ ರೇಖೆಯ ಪಕ್ಕದಲ್ಲೇ ಇದೆ, ವರ್ಷಪೂರ್ತಿ ಸೆಕೆ, ಮಧ್ಯಾಹ್ನದ ಗುಡುಗು ಮಳೆ ಯಾವಾಗ ಬೇಕಾದರೂ ಬರಬಹುದು. ಬೆಳಕಿನ ವಿಷಯ ಯಾರೂ ಹೇಳುವುದಿಲ್ಲ. ಜೂನ್‌ನಲ್ಲಿ ಕೋಪನ್‌ಹೇಗನ್‌ಗೆ ಹೋದರೆ ರಾತ್ರಿ 10ರ ಹತ್ತಿರ ಸೂರ್ಯ ಮುಳುಗುತ್ತಾನೆ. "ಇನ್ನೂ ಬೆಳಕಿದೆ, ಯಾಕೆ ಮಲಗಬೇಕು?" ಅನ್ನುವ ಪ್ರಶ್ನೆಗೆ ಉತ್ತರ ರೆಡಿ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಅದೇ ಊರಲ್ಲಿ ಮಧ್ಯಾಹ್ನ ನಾಲ್ಕರೊಳಗೆ ಕತ್ತಲು. ಆಗ ನಿಮ್ಮ ಎರಡನೇ ಅರ್ಧ ದಿನ ಅನ್ನುವುದೇ ಚಿಕ್ಕದಾಗಿಬಿಡುತ್ತದೆ.

ಈ ಮೂರನ್ನೂ ಸೋಸಿದ ಮೇಲೆ ಉಳಿದ ಊರುಗಳಲ್ಲಿ ಯಾವುದಾದರೂ ಸರಿ. ಮೊದಲ ಸಲ ಹೋಗುವವರಿಗೆ ನಾನಾದರೆ ಸಿಂಗಾಪುರ, ವಿಯೆನ್ನಾ ಅಥವಾ ಕೋಪನ್‌ಹೇಗನ್ ಹೇಳುತ್ತೇನೆ. ಮೂರೂ ಮಕ್ಕಳ ಕಾಲಿಗೆ ಕರುಣೆ ತೋರಿಸುವ ಊರುಗಳು. ಆದರೆ ಭಾರತದಿಂದ ಹೊರಟರೆ ವಿಯೆನ್ನಾ, ಕೋಪನ್‌ಹೇಗನ್ ಎರಡೂ ಮೂರು ಗಂಟೆಯ ಲೆಕ್ಕ ದಾಟುತ್ತವೆ, ಅಲ್ಲಿಗೆ ದಿನ ಜಾಸ್ತಿ ಇಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಕಾಗದ ಪತ್ರ

ಬೇಜಾರಿನ ಕೆಲಸ. ಆದರೆ ಇಲ್ಲಿ ಎಡವಿದರೆ ಉಳಿದ ಯಾವ ಹೆಜ್ಜೆಗೂ ಅರ್ಥ ಇಲ್ಲ.

ಮಗು ಎಷ್ಟೇ ಚಿಕ್ಕದಿರಲಿ, ಅದಕ್ಕೆ ತನ್ನದೇ ಪಾಸ್‌ಪೋರ್ಟ್ ಇರಲಿ. ಮಕ್ಕಳ ಪಾಸ್‌ಪೋರ್ಟ್ ಅವಧಿ ಸಾಮಾನ್ಯವಾಗಿ ದೊಡ್ಡವರದ್ದಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ನಿಮ್ಮದು ಚೆನ್ನಾಗಿದೆ ಅಂದಮಾತ್ರಕ್ಕೆ ಅವರದೂ ಚೆನ್ನಾಗಿದೆ ಅಂದುಕೊಳ್ಳಬೇಡಿ. ಬಹಳ ದೇಶಗಳು ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಷೆಂಗೆನ್ ದೇಶಗಳ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ನಿಯಮ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಅವಧಿ ಇರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು.

ವೀಸಾ ಬೇಕಾದ ದೇಶವಾದರೆ ಕೂಸಿಗೂ ಬೇಕು. ವೀಸಾ ಬೇಡ, ಆನ್‌ಲೈನ್ ಅನುಮತಿ ಸಾಕು ಅನ್ನುವ ಕಡೆಯೂ ಒಬ್ಬೊಬ್ಬರಿಗೂ ಬೇರೆ ಬೇರೆ ತೆಗೆಯಬೇಕು, ಬ್ರಿಟನ್ನಿನ ಇ.ಟಿ.ಎ. ಹಾಗೆಯೇ. ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ರಜೆಯ ಕಾಲದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಮೂರು ತಿಂಗಳು ಮೊದಲೇ ಶುರು ಮಾಡಿ. 12 ವರ್ಷದ ಒಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ಆ ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ವಿಮೆ ಬೇಕು. ಸಿಂಗಾಪುರಕ್ಕಾದರೆ ತಲುಪುವ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ಅನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಕರೆದುಕೊಂಡು ಹೋಗುವುದಾದರೆ, ಇಲ್ಲವೇ ಅಜ್ಜಿ ತಾತ ಕರೆದುಕೊಂಡು ಹೋಗುವುದಾದರೆ, ಉಳಿದವರ ಒಪ್ಪಿಗೆ ಪತ್ರ ಮತ್ತು ಮಗುವಿನ ಜನನ ಪ್ರಮಾಣ ಪತ್ರದ ಪ್ರತಿ ಇಟ್ಟುಕೊಳ್ಳಿ. ಎಲ್ಲ ಗಡಿಯಲ್ಲೂ ಕೇಳುವುದಿಲ್ಲ. ಕೇಳಿದಾಗ ಇಲ್ಲದಿದ್ದರೆ ಮಾತ್ರ ಪಜೀತಿ. ಮಗುವಿನ ಸರ್‌ನೇಮ್ ನಿಮ್ಮದಕ್ಕಿಂತ ಬೇರೆ ಇದ್ದರೆ ಇಬ್ಬರೂ ಒಟ್ಟಿಗೆ ಹೋದರೂ ಆ ಪ್ರತಿ ಇರಲಿ.

ವೀಸಾ ಕೈಗೆ ಬರುವವರೆಗೆ ವಾಪಸ್ ದುಡ್ಡು ಸಿಗದಂಥ ಬುಕಿಂಗ್ ಮಾಡಬೇಡಿ.

ಮೂರನೇ ಹೆಜ್ಜೆ: ವಿಮಾನ

ಎರಡು ವರ್ಷದ ಒಳಗಿನ ಮಗು ತೊಡೆಯ ಮೇಲೆ ಕೂತು ಹೋಗಬಹುದು, ಎರಡು ತುಂಬಿದ ಮೇಲೆ ಸ್ವಂತ ಸೀಟು ಬೇಕು. ಇದರಲ್ಲೊಂದು ಸಣ್ಣ ಗುಂಡಿ ಇದೆ: ಟ್ರಿಪ್ಪಿನ ಮಧ್ಯದಲ್ಲಿ ಎರಡನೇ ಹುಟ್ಟುಹಬ್ಬ ಬಂದರೆ ವಾಪಸ್ ಬರುವಾಗ ಸೀಟು ತಗೋಬೇಕಾಗುತ್ತದೆ. ತೊಟ್ಟಿಲು ಕೊಡುವ ವಿಮಾನಗಳಲ್ಲಿ ಅದಕ್ಕೆ ತೂಕದ ಮಿತಿ ಇರುತ್ತದೆ, ಸಂಖ್ಯೆಯೂ ಕಡಿಮೆ. ಟಿಕೆಟ್ ತೆಗೆದ ದಿನವೇ ಕೇಳಿಡಿ.

ಅಗ್ಗದ ಟಿಕೆಟ್‌ಗಿಂತ ತಲುಪುವ ಹೊತ್ತು ಮುಖ್ಯ. ನಡುರಾತ್ರಿ ಎರಡಕ್ಕೆ ಇಳಿಯುವ ವಿಮಾನ ಅಗ್ಗವಾಗಿಯೇ ಇರುತ್ತದೆ, ಯಾಕೆ ಅಂತ ಮಕ್ಕಳನ್ನು ಎತ್ತಿಕೊಂಡು ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಆ ಒಂದು ರಾತ್ರಿ ಮರುದಿನದ ಅರ್ಧ ದಿನವನ್ನು ತಿನ್ನುತ್ತದೆ. ಬೆಳಿಗ್ಗೆ ಆರಕ್ಕೆ ಇಳಿಯುವುದೂ ಅಷ್ಟೇನೂ ಒಳ್ಳೆಯದಲ್ಲ, ರೂಮ್ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಮಧ್ಯಾಹ್ನ ಮೂರರಿಂದ ಸಂಜೆ ಆರರೊಳಗೆ ಇಳಿಯುವ ವಿಮಾನ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ. ಇಳಿದು, ಊಟ ಮಾಡಿ, ಮಲಗಿದರೆ ಮುಗಿಯಿತು.

ಮಧ್ಯೆ ವಿಮಾನ ಬದಲಿಸುವುದಿದ್ದರೆ ಎರಡೂವರೆ ಗಂಟೆಯಾದರೂ ಅಂತರ ಇರಲಿ. ಗೇಟ್ ದೂರ ಇರುತ್ತದೆ, ಮಗುವಿಗೆ ಓಡುತ್ತಿರುವಾಗಲೇ ಬಾತ್‌ರೂಮ್ ಬರುತ್ತದೆ. ತಳ್ಳುಗಾಡಿಯನ್ನು ಬಹುಪಾಲು ಕಡೆ ವಿಮಾನದ ಬಾಗಿಲ ತನಕ ತಳ್ಳಿಕೊಂಡು ಹೋಗಿ ಅಲ್ಲೇ ಕೊಡಬಹುದು, ಮಡಚಿದರೆ ತಲೆಯ ಮೇಲಿನ ಲಾಕರ್‌ನಲ್ಲಿ ಕೂರುವಂಥ ಚಿಕ್ಕದಾದರೆ ಇನ್ನೂ ಸುಖ. ಐದು ವರ್ಷದ ಮಗು "ನಾನು ದೊಡ್ಡವಳು" ಅಂತ ಗಾಡಿ ಬೇಡ ಅನ್ನಬಹುದು. ತಗೊಂಡು ಹೋಗಿ. ಮೂರನೇ ದಿನ ತಾನೇ ಹತ್ತಿ ಕೂರುತ್ತಾಳೆ.

ಇಳಿಯುವಾಗ ಕಿವಿ ನೋವು ಬರುತ್ತದೆ, ಏರುವಾಗಿಗಿಂತ ಜಾಸ್ತಿ. ವಿಮಾನ ಕೆಳಗಿಳಿಯಲು ಶುರು ಮಾಡಿದಾಗಲೇ, ಅಂದರೆ ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ, ಕೂಸಿಗೆ ಹಾಲು ಕುಡಿಸಲು ಶುರು ಮಾಡಿ. ದೊಡ್ಡ ಮಕ್ಕಳಿಗೆ ನೀರು ಗುಟುಕರಿಸಲು ಕೊಡಿ. ನಿದ್ದೆಯಲ್ಲಿದ್ದರೆ ಎಬ್ಬಿಸಲು ಮನಸ್ಸು ಬರುವುದಿಲ್ಲ, ಆದರೂ ಎಬ್ಬಿಸಿ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಎಚ್ಚರ ಆಗುವಾಗ ನೋವಿನಲ್ಲೇ ಆಗುತ್ತದೆ.

ನಾಲ್ಕನೇ ಹೆಜ್ಜೆ: ಉಳಿಯುವ ಜಾಗ

ಹೋಟೆಲ್ಲಿನ ನಕ್ಷತ್ರ ಎಣಿಸುವುದನ್ನು ಬಿಡಿ. ನಾನು ಮ್ಯಾಪಿನಲ್ಲಿ ನೋಡುವುದು ಎರಡೇ: ಲಿಫ್ಟ್ ಇರುವ ಸ್ಟೇಷನ್ ಎಷ್ಟು ದೂರ, ಆಟದ ಪಾರ್ಕ್ ಎಷ್ಟು ದೂರ. ಎರಡೂ ಐದಾರು ನಿಮಿಷದ ನಡಿಗೆಯಲ್ಲಿ ಇರಬೇಕು. ಊರಿನ ಹೊರಗೆ ಅಗ್ಗಕ್ಕೆ ಸಿಗುವ ರೂಮ್ ತಗೊಂಡರೆ ದಿನಕ್ಕೆ ಎರಡು ಗಂಟೆ ರೈಲಿನಲ್ಲಿ ಹೋಗುತ್ತದೆ, ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಮಧ್ಯಾಹ್ನ ವಾಪಸ್ ಬಂದು ಒಂದು ಗಂಟೆ ಮಲಗಿ ಮತ್ತೆ ಹೊರಡಲು ಆಗುವುದಿಲ್ಲ. ಆ ಮಧ್ಯಾಹ್ನದ ನಿದ್ದೆಯೇ ಎರಡನೇ ಅರ್ಧ ದಿನವನ್ನು ಉಳಿಸುವುದು.

ಬುಕ್ ಮಾಡುವಾಗ ಮಕ್ಕಳ ಸಂಖ್ಯೆ, ವಯಸ್ಸು ನಿಜ ಹೇಳಿ. ಬಹಳ ಹೋಟೆಲ್‌ಗಳಲ್ಲಿ ಒಂದು ರೂಮಿಗೆ ಇಷ್ಟೇ ಜನ ಅನ್ನುವ ಮಿತಿ ಬೆಂಕಿ ಸುರಕ್ಷತೆಯ ಕಾರಣಕ್ಕೆ ಇರುತ್ತದೆ, ಬಾಗಿಲಲ್ಲಿ ಹೋಗಿ ಚೌಕಾಸಿ ಮಾಡಿದರೆ ನಡೆಯುವುದಿಲ್ಲ. ಒಮ್ಮೆ ನಾವು ಇಬ್ಬರು ದೊಡ್ಡವರು ಒಂದು ಮಗು ಅಂತ ಹಾಕಿ ನಾಲ್ಕು ಜನ ಹೋಗಿದ್ದೆವು. ರಾತ್ರಿ ಹತ್ತಕ್ಕೆ ಎರಡನೇ ರೂಮಿಗೆ ಪೂರ್ತಿ ದುಡ್ಡು ಕಟ್ಟಿದೆವು. ತಪ್ಪು ನಮ್ಮದೇ.

ಸಾಧ್ಯವಾದರೆ ಮಲಗುವ ಕೋಣೆಗೂ ಕೂರುವ ಜಾಗಕ್ಕೂ ನಡುವೆ ಒಂದು ಬಾಗಿಲು ಇರಲಿ. ಇಲ್ಲದಿದ್ದರೆ ರಾತ್ರಿ ಎಂಟಕ್ಕೆ ಮಕ್ಕಳು ಮಲಗಿದ ಮೇಲೆ ನೀವಿಬ್ಬರೂ ಕತ್ತಲಲ್ಲಿ ಫೋನಿನ ಬೆಳಕು ಮುಚ್ಚಿಕೊಂಡು ಪಿಸುಗುಡುತ್ತಾ ಕೂರಬೇಕು. ನಾವು ಬಾತ್‌ರೂಮಿನ ನೆಲದ ಮೇಲೆ ಕೂತು ಊಟ ಮಾಡಿದ್ದೂ ಉಂಟು. ಚಿಕ್ಕ ಅಡುಗೆಮನೆ, ಫ್ರಿಜ್, ಬಟ್ಟೆ ಒಗೆಯುವ ಮೆಷಿನ್ ಇದ್ದರೆ ಲಗೇಜ್ ಅರ್ಧ ಆಗುತ್ತದೆ. ಅಪಾರ್ಟ್‌ಮೆಂಟ್ ಆದರೆ ಕಟ್ಟಡಕ್ಕೆ ಲಿಫ್ಟ್ ಇದೆಯಾ ಕೇಳಿ. ಯೂರೋಪಿನಲ್ಲಿ ಮೂರನೇ ಮಹಡಿ ಅಂದರೆ ನೆಲಮಹಡಿ ಬಿಟ್ಟು ಮೂರು, ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದು ಮಾಮೂಲು.

ಐದನೇ ಹೆಜ್ಜೆ: ಐದು ಅರ್ಧ ದಿನ ತುಂಬಿಸುವುದು

ಈಗ ಹಾಳೆಗೆ ವಾಪಸ್ ಬನ್ನಿ. ಐದು ಚೌಕ ಬರೆಯಿರಿ. ಮಕ್ಕಳು ಇಬ್ಬರಿದ್ದರೆ ಒಂದೊಂದು ಚೌಕ ಅವರಿಗೆ ಕೊಟ್ಟುಬಿಡಿ, ಅವರು ಹೇಳಿದ್ದೇ ಅಂತಿಮ. ಒಂದೊಂದು ಚೌಕ ದೊಡ್ಡವರಿಗೆ. ಐದನೆಯದು ಊರಿನ ಪಾಲಿಗೆ, ಅಂದರೆ ಆ ಊರಿಗೆ ಹೋಗಿ ಅದನ್ನು ನೋಡದೆ ಬಂದರೆ ನಿಮಗೇ ಬೇಜಾರಾಗುವಂಥದ್ದು. ಮಗಳಿಗೆ ತನ್ನ ಚೌಕ ಗ್ಯಾರಂಟಿ ಅಂತ ಗೊತ್ತಿದ್ದರೆ ನಿಮ್ಮ ಚೌಕದಲ್ಲಿ ತಾಳ್ಮೆಯಿಂದ ಇರುತ್ತಾಳೆ. ತುಂಬಾ ಅಲ್ಲ, ಸ್ವಲ್ಪ.

ದೊಡ್ಡ ಜಾಗವನ್ನು ಬೆಳಗಿನ ಚೌಕಕ್ಕೆ ಹಾಕಿ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನದ ಚೌಕಕ್ಕೆ ನೀರು, ಹುಲ್ಲು, ಆಟ. ಮ್ಯೂಸಿಯಂ ಆದರೆ ಒಂದೂವರೆ ಗಂಟೆ, ಒಂದು ವಿಭಾಗ, ಆಮೇಲೆ ಹೊರಗೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇದಕ್ಕೆ ಹೇಳಿ ಮಾಡಿಸಿದ್ದು. ಪ್ರವೇಶ ಉಚಿತ, ಆದ್ದರಿಂದ ಡೈನೋಸಾರ್ ನೋಡಿ ಒಂದು ಗಂಟೆಗೆ ಹೊರಬಂದರೂ "ದುಡ್ಡು ಕೊಟ್ಟಿದ್ದೇವೆ, ಎಲ್ಲ ನೋಡಬೇಕು" ಅನ್ನುವ ಸಂಕಟ ಇಲ್ಲ. ಪಕ್ಕದಲ್ಲೇ ಸೈನ್ಸ್ ಮ್ಯೂಸಿಯಂ, ಅದೂ ಉಚಿತ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ 18 ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ಅಲ್ಲಿಂದ ಮಕ್ಕಳನ್ನು ಲಕ್ಸಂಬರ್ಗ್ ಉದ್ಯಾನಕ್ಕೆ ಕರೆದುಕೊಂಡು ಹೋಗಿ, ಕೊಳದಲ್ಲಿ ಬಾಡಿಗೆಯ ಪುಟ್ಟ ಹಾಯಿದೋಣಿ ಬಿಟ್ಟು ಕೋಲಿನಿಂದ ತಳ್ಳುತ್ತಾ ಎಷ್ಟು ಹೊತ್ತು ಬೇಕಾದರೂ ಇರುತ್ತಾರೆ.

ವಿಯೆನ್ನಾದ ಷೋನ್‌ಬ್ರುನ್ ಅರಮನೆ ಆವರಣದಲ್ಲಿ 1752ರ ಮೃಗಾಲಯ ಇದೆ, ಈಗಲೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ದೊಡ್ಡವರಿಗೆ ಅರಮನೆ, ಮಕ್ಕಳಿಗೆ ಪ್ರಾಣಿ, ಒಂದೇ ಚೌಕದಲ್ಲಿ ಎರಡು ಕೆಲಸ. ಅದೇ ಊರಿನ ಪ್ರಾಟರ್ ಪಾರ್ಕಿನ ದೊಡ್ಡ ಚಕ್ರ 1897ರದ್ದು, ನಿಧಾನಕ್ಕೆ ತಿರುಗುತ್ತದೆ, ಹೆದರುವ ಮಕ್ಕಳೂ ಕೂರಬಹುದು. ಕೋಪನ್‌ಹೇಗನ್‌ನ ಟಿವೋಲಿ 1843ರಿಂದ ಇದೆ, ಮುಖ್ಯ ರೈಲು ನಿಲ್ದಾಣದ ಎದುರಿಗೇ. ಆದರೆ ಅದು ವರ್ಷಪೂರ್ತಿ ತೆರೆದಿರುವುದಿಲ್ಲ, ಸೀಸನ್ ನೋಡಿಕೊಂಡು ಟಿಕೆಟ್ ತೆಗೆಯಿರಿ. ಸಿಂಗಾಪುರದ ಗಾರ್ಡನ್ಸ್ ಬೈ ದಿ ಬೇಯಲ್ಲಿ ಹೊರಗಿನ ತೋಟ ಉಚಿತ, ರಾತ್ರಿಯ ಬೆಳಕಿನ ಶೋ ಕೂಡ.

ರಜಾ ದಿನ ನೋಡಿಕೊಳ್ಳಿ. ಲೂವ್ರ್ ಮಂಗಳವಾರ ಇಲ್ಲ. ಅದೇ ಊರಿನ ಓರ್ಸೇ ಮ್ಯೂಸಿಯಂ ಸೋಮವಾರ ಇಲ್ಲ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆ ಮಂಗಳವಾರ ಇಲ್ಲ. ಟೋಕಿಯೋದ ಉಯೆನೋ ಮೃಗಾಲಯ ಸೋಮವಾರ ಇಲ್ಲ. ನಾನು ಇದನ್ನು ಬಾಯಿಪಾಠ ಮಾಡಿಕೊಂಡಿರುವುದಕ್ಕೆ ಕಾರಣ ಇದೆ. ಒಂದು ಊರಲ್ಲಿ ಮಗಳಿಗೆ ಎರಡು ವಾರದಿಂದ ಕಥೆ ಹೇಳಿ ಹೇಳಿ ಆಸೆ ಹುಟ್ಟಿಸಿ, ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಮುಚ್ಚಿದ ಬಾಗಿಲ ಮುಂದೆ. ಅವಳು ಈಗಲೂ ಯಾವ ಜಾಗದ ಹೆಸರು ಹೇಳಿದರೂ "ಅವತ್ತು ಬಾಗಿಲು ತೆಗೆದಿರುತ್ತಾ?" ಅಂತಲೇ ಕೇಳುವುದು.

ಇನ್ನು ಈ ಹೆಜ್ಜೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಓಡಾಟವನ್ನೇ ಆಟ ಮಾಡಿಬಿಡಿ. ಚಾಲಕ ಇಲ್ಲದ ರೈಲಿನ ಮುಂದಿನ ಕಿಟಕಿಯಲ್ಲಿ ನಿಂತು ಸುರಂಗ ನೋಡುವುದಕ್ಕೆ ಯಾವ ಥೀಮ್ ಪಾರ್ಕೂ ಸಮ ಅಲ್ಲ. ಕೋಪನ್‌ಹೇಗನ್ ಮೆಟ್ರೋ, ಲಂಡನ್ನಿನ ಡಿ.ಎಲ್.ಆರ್., ದುಬೈ ಮೆಟ್ರೋ ಎಲ್ಲದರಲ್ಲೂ ಇದು ಸಿಗುತ್ತದೆ. ಹಾಂಗ್‌ಕಾಂಗ್‌ನಲ್ಲಿ 1904ರಿಂದ ಟ್ರಾಮ್ ಓಡುತ್ತಿದೆ, ಈಗಿನವು ಎರಡಂತಸ್ತಿನವು, ಮೇಲಂತಸ್ತಿನ ಮುಂದಿನ ಸೀಟು ಸಿಕ್ಕರೆ ಒಂದು ಗಂಟೆ ಯಾರೂ ಮಾತಾಡುವುದಿಲ್ಲ. ಅಲ್ಲೇ ಬಂದರು ದಾಟುವ ಸ್ಟಾರ್ ಫೆರ್ರಿ. ಇಸ್ತಾಂಬುಲ್‌ನಲ್ಲಿ ಯೂರೋಪಿನಿಂದ ಏಷ್ಯಾಕ್ಕೆ ದೋಣಿಯಲ್ಲಿ ಹೋಗಿ ಬರಬಹುದು, "ಎರಡು ಖಂಡ ನೋಡಿದೆ" ಅಂತ ಶಾಲೆಯಲ್ಲಿ ಹೇಳಿಕೊಳ್ಳಲು ಆಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಸೆಂಟ್ರಲ್ ಸ್ಟೇಷನ್ ಹಿಂದಿನಿಂದ ಆಚೆ ದಡಕ್ಕೆ ಹೋಗುವ ದೋಣಿಗೆ ಟಿಕೆಟ್ಟೇ ಇಲ್ಲ. ಸುಸ್ತಾದ ಮಕ್ಕಳನ್ನು ಕೂರಿಸಿಕೊಂಡು ಎರಡು ಸಲ ಸುಮ್ನೆ ಹೋಗಿ ಬನ್ನಿ.

ಮಕ್ಕಳ ಟಿಕೆಟ್ ನಿಯಮ ಊರಿಗೊಂದು ಥರ. ಲಂಡನ್ನಿನಲ್ಲಿ ದೊಡ್ಡವರ ಜೊತೆ ಹೋಗುವ 11ರ ಒಳಗಿನ ಮಕ್ಕಳಿಗೆ ಭೂಗತ ರೈಲು ಉಚಿತ. ಟೋಕಿಯೋದಲ್ಲಿ 6ರಿಂದ 11ಕ್ಕೆ ಅರ್ಧ. ಸಿಂಗಾಪುರದಲ್ಲಿ 0.9 ಮೀಟರ್‌ಗಿಂತ ಗಿಡ್ಡ ಇದ್ದರೆ ಟಿಕೆಟ್ ಬೇಡ. ಎಲ್ಲರಿಗೂ ದಿನದ ಪಾಸ್ ತೆಗೆಯುವ ಮೊದಲು ಇದನ್ನೊಮ್ಮೆ ನೋಡಿ. ಟೋಕಿಯೋದಂಥ ಊರಲ್ಲಿ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ತಳ್ಳುಗಾಡಿ ಹಿಡಿದು ರೈಲು ಹತ್ತುವ ಸಾಹಸ ಬೇಡ. ಟ್ಯಾಕ್ಸಿ ವಿಷಯಕ್ಕೆ ಬಂದರೆ ಮಕ್ಕಳ ಸೀಟಿನ ಕಾನೂನು ಗೊತ್ತಿರಲಿ: ಸಿಂಗಾಪುರದಲ್ಲಿ 1.35 ಮೀಟರ್‌ಗಿಂತ ಗಿಡ್ಡ ಇರುವವರಿಗೆ ಅದು ಬೇಕೇ ಬೇಕು, ಟ್ಯಾಕ್ಸಿಗೆ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಯುವ ಖಾಸಗಿ ಕಾರಿಗೆ ಇಲ್ಲ.

ಆರನೇ ಹೆಜ್ಜೆ: ಬ್ಯಾಗ್ ಮತ್ತು ಔಷಧಿ

ಬಟ್ಟೆ ಕಡಿಮೆ ತುಂಬಿ. ಒಗೆದು ಹಾಕಬಹುದು. ಆದರೆ ಕೈ ಬ್ಯಾಗಿನಲ್ಲಿ ಪ್ರತಿ ಮಗುವಿಗೂ ಒಂದು ಜೊತೆ ಬಟ್ಟೆ, ನಿಮಗೊಂದು ಶರ್ಟ್ ಇರಲಿ. ವಾಂತಿ ಆಗುವುದು ಮಗುವಿನ ಬಟ್ಟೆಯ ಮೇಲೆ ಮಾತ್ರ ಅಂತ ಯಾರು ಹೇಳಿದರು? ಪವರ್ ಬ್ಯಾಂಕ್ ಕೈ ಬ್ಯಾಗಿನಲ್ಲೇ, 100 ವ್ಯಾಟ್ ಅವರ್ ಒಳಗಿನದು. ದ್ರವದ ಮಿತಿ 100 ಮಿಲಿ ಇರುವ ಏರ್‌ಪೋರ್ಟ್‌ಗಳಲ್ಲೂ ಕೂಸಿನ ಹಾಲು, ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ತಪಾಸಣೆಯಲ್ಲಿ ನೀವೇ ಮುಂದಾಗಿ ತೆಗೆದು ತೋರಿಸಿ. ಹೊಸ ಶೂ ಮಾತ್ರ ಬೇಡವೇ ಬೇಡ.

ಔಷಧಿ: ಥರ್ಮಾಮೀಟರ್, ಜ್ವರಕ್ಕೆ ಪ್ಯಾರಾಸಿಟಮಾಲ್, ಓ.ಆರ್.ಎಸ್. ಪುಡಿ, ಬ್ಯಾಂಡೇಜ್, ನಿಮ್ಮ ಡಾಕ್ಟರ್ ಕೊಟ್ಟ ಬೇರೆ ಮಾತ್ರೆಗಳು. ಮಕ್ಕಳ ಡೋಸ್ ತೂಕದ ಮೇಲೆ ಹೋಗುತ್ತದೆ, ಹೊರಡುವ ಮೊದಲು ತೂಕ ನೋಡಿ ಫೋನಿನಲ್ಲಿ ಬರೆದಿಡಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ, ಬ್ರ್ಯಾಂಡ್ ದೇಶಕ್ಕೊಂದು ಇರುತ್ತದೆ. ಮಾತ್ರೆ ಡಬ್ಬಿಯಿಂದ ತೆಗೆದು ಬೇರೆ ಕವರಿಗೆ ಹಾಕಬೇಡಿ. ಇದು ಸುಮ್ನೆ ಹೇಳುವ ಮಾತಲ್ಲ: ಕೋಡೀನ್ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳು ಯು.ಎ.ಇ.ಯಲ್ಲಿ ನಿಯಂತ್ರಿತ ವಸ್ತು. ಜಪಾನಿನಲ್ಲಿ ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಶೀತದ ಮಾತ್ರೆ ತರುವಂತಿಲ್ಲ. ಗಮನದ ತೊಂದರೆಗೆ ಮಕ್ಕಳಿಗೆ ಕೊಡುವ ಆ್ಯಂಫೆಟಮೈನ್ ಔಷಧಿಗಳಿಗೂ ಅಲ್ಲಿ ನಿಷೇಧ ಇದೆ. ಹೋಗುವ ದೇಶದ ಸರ್ಕಾರಿ ಪುಟದಲ್ಲಿ ನೋಡಿಕೊಂಡೇ ಬ್ಯಾಗಿಗೆ ಹಾಕಿ.

ಏಳನೇ ಹೆಜ್ಜೆ: ಕಳೆದುಹೋದರೆ?

ಇದನ್ನು ಮಾತಾಡಲು ಎಲ್ಲರಿಗೂ ಮುಜುಗರ. ಮಾತಾಡಿ. ಮನೆಯಲ್ಲೇ, ಹೊರಡುವ ಮೊದಲು, ಆಟದ ಥರ.

ಮಕ್ಕಳಿಗೆ ನಾವು ಹೇಳಿಕೊಟ್ಟಿರುವುದು ಎರಡೇ ನಿಯಮ. ಮೊದಲನೆಯದು: ಅಪ್ಪ ಅಮ್ಮ ಕಾಣದಿದ್ದರೆ ಹುಡುಕಲು ಹೋಗಬೇಡ, ನಿಂತ ಜಾಗದಲ್ಲೇ ನಿಲ್ಲು. ಇಬ್ಬರೂ ಓಡಾಡಿದರೆ ಸಿಗುವುದು ಕಷ್ಟ, ಒಬ್ಬರು ನಿಂತರೆ ಸುಲಭ. ಎರಡನೆಯದು ರೈಲಿನದ್ದು, ನನಗೆ ಇದೇ ದೊಡ್ಡ ಭಯ. ಬಾಗಿಲು ಮುಚ್ಚಿಕೊಂಡು ನೀನು ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ ಅಲ್ಲೇ ಗೋಡೆಗೆ ಒರಗಿ ನಿಲ್ಲು, ನಾವು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬರುತ್ತೇವೆ. ನೀನು ರೈಲಿನೊಳಗೆ ಉಳಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲು, ನಾವು ಹಿಂದೆ ಬರುವ ರೈಲಿನಲ್ಲಿ ಬರುತ್ತೇವೆ. ಎರಡು ಕುರ್ಚಿ ಸಾಲಿನ ನಡುವೆ ಇದನ್ನು ಹತ್ತು ಸಲ ಆಡಿ. ಮಗನಿಗೆ ರೈಲಿನ ಪಾತ್ರವೇ ಬೇಕಿತ್ತು, ಆದರೂ ನಿಯಮ ತಲೆಗೆ ಹೋಯಿತು. ಹತ್ತುವಾಗ ಒಬ್ಬರು ಮುಂದೆ, ಮಕ್ಕಳು ಮಧ್ಯೆ, ಇನ್ನೊಬ್ಬರು ಹಿಂದೆ. ಇಳಿಯುವಾಗಲೂ ಹಾಗೇ.

ರೂಮಿನಿಂದ ಹೊರಡುವಾಗ ದಿನಾ ಬೆಳಿಗ್ಗೆ ಮಕ್ಕಳ ಪೂರ್ತಿ ನಿಂತ ಫೋಟೋ ಒಂದು ತೆಗೆಯಿರಿ. ಗಾಬರಿಯಲ್ಲಿ ಯಾವ ಬಣ್ಣದ ಅಂಗಿ ಹಾಕಿದ್ದ ಅನ್ನುವುದೇ ಮರೆತುಹೋಗುತ್ತದೆ. ಕೈಗೆ ಕಟ್ಟುವ ಪಟ್ಟಿಯ ಒಳಬದಿಯಲ್ಲಿ ನಿಮ್ಮ ಫೋನ್ ನಂಬರನ್ನು ದೇಶದ ಕೋಡ್ ಸಮೇತ ಬರೆಯಿರಿ. ಮಗುವಿನ ಹೆಸರು ಹೊರಗೆ ಕಾಣುವ ಹಾಗೆ ಬೇಡ. ಸಹಾಯ ಕೇಳುವುದಾದರೆ ಸಮವಸ್ತ್ರ ಹಾಕಿದವರನ್ನು, ಇಲ್ಲವೇ ಮಕ್ಕಳನ್ನು ಕರೆದುಕೊಂಡು ಬಂದ ಅಮ್ಮನನ್ನು ಕೇಳು ಅಂತ ಹೇಳಿಕೊಡಿ. ತುರ್ತು ನಂಬರ್ ಯೂರೋಪಿನ ಒಕ್ಕೂಟದಲ್ಲೆಲ್ಲ 112. ಬ್ರಿಟನ್ನಿನಲ್ಲಿ 999. ಆ್ಯಂಬುಲೆನ್ಸ್‌ಗೆ ಜಪಾನಿನಲ್ಲಿ 119, ಸಿಂಗಾಪುರದಲ್ಲಿ 995.

ವಿಮೆಯ ಕಾಗದ, ಪಾಸ್‌ಪೋರ್ಟ್‌ಗಳ ಫೋಟೋ ಇಬ್ಬರ ಫೋನಿನಲ್ಲೂ ಇರಲಿ. ಇಬ್ಬರ ಕಾರ್ಡೂ ಒಂದೇ ಪರ್ಸಿನಲ್ಲಿ ಬೇಡ. ಇ-ಸಿಮ್ ಹೊರಡುವ ಮೊದಲೇ ಹಾಕಿಸಿ, ಊರಿನ ಮ್ಯಾಪನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವ ಹಾಗೆ ಇಳಿಸಿಕೊಳ್ಳಿ.

ಅಲ್ಲಿಗೆ ಹೋದ ಮೇಲೆ

ಮೊದಲ ಸಂಜೆ ಏನೂ ಮಾಡಬೇಡಿ. ಹತ್ತಿರದ ಪಾರ್ಕ್, ಒಂದು ಸೂಪರ್ ಮಾರ್ಕೆಟ್, ವಾಪಸ್. ಮಕ್ಕಳು ಬೆಳಗಿನ ನಾಲ್ಕಕ್ಕೆ ಎದ್ದರೆ ಮಲಗಿಸಲು ಒದ್ದಾಡಬೇಡಿ, ಲೈಟ್ ಕಡಿಮೆ ಇಟ್ಟು ತಿನ್ನಲು ಏನಾದರೂ ಕೊಡಿ, ಬೆಳಕಾದ ಕೂಡಲೇ ಹೊರಗೆ ಹೋಗಿ. ಹೊಸ ಸಮಯಕ್ಕೆ ದೇಹವನ್ನು ತಿರುಗಿಸುವುದು ಹಗಲ ಬೆಳಕೇ. ಊರು ಏಳುವ ಮೊದಲು ಅದರ ಬೀದಿಯಲ್ಲಿ ನಡೆಯುವುದೂ ಒಂದು ಸುಖ.

ಹಸಿವಾಗುವ ಮೊದಲೇ ತಿನ್ನಿಸಿ, ಬಾತ್‌ರೂಮ್ ಸಿಕ್ಕಲ್ಲೆಲ್ಲ ಕರೆದುಕೊಂಡು ಹೋಗಿ. ಮಗು ರಚ್ಚೆ ಹಿಡಿದರೆ ಆ ಚೌಕವನ್ನು ಅಲ್ಲಿಗೇ ಬಿಟ್ಟು ರೂಮಿಗೆ ಹೋಗಿ. ಟಿಕೆಟ್ ದುಡ್ಡು ಹೋಯಿತು ಅಂತ ಎಳೆದಾಡಿದರೆ ಆ ಅರ್ಧ ದಿನದ ಜೊತೆ ಮುಂದಿನ ಅರ್ಧ ದಿನವೂ ಹೋಗುತ್ತದೆ. ನಾನು ಎರಡು ಸಲ ಎಳೆದಾಡಿ ನೋಡಿದ್ದೇನೆ, ಎರಡು ಸಲವೂ ಸೋತೆ. ಇಬ್ಬರು ಮಕ್ಕಳಲ್ಲಿ ಒಂದು ಮಾತ್ರ ಸುಸ್ತಾಗಿದ್ದರೆ ದೊಡ್ಡವರು ಬೇರೆ ಬೇರೆ ಆಗಿ: ಒಬ್ಬರು ಮಲಗಿಸಲಿ, ಒಬ್ಬರು ಇನ್ನೊಂದನ್ನು ದೋಣಿ ಹತ್ತಿಸಲಿ. ಒಂದು ಮಗು ಒಬ್ಬ ದೊಡ್ಡವರ ಜೊತೆ ಮಾತ್ರ ಇರುವ ಹೊತ್ತು ಮನೆಯಲ್ಲೂ ಅಪರೂಪ ಅಲ್ವಾ?

ಆರನೇ ಚೌಕ, ಅಂದರೆ ಮಳೆಗೋ ಜ್ವರಕ್ಕೋ ಇಟ್ಟಿದ್ದು, ಮೂರನೇ ದಿನದವರೆಗೂ ಖಾಲಿ ಉಳಿದರೆ ಅದಕ್ಕೆ ಹೊಸ ಜಾಗ ಹುಡುಕಬೇಡಿ. ಇಷ್ಟವಾದ ಜಾಗಕ್ಕೇ ಇನ್ನೊಮ್ಮೆ ಹೋಗಿ. ಎರಡನೇ ಸಲ ಮಕ್ಕಳು ದಾರಿ ತೋರಿಸುತ್ತಾರೆ.

ಹೊರಡುವ ದಿನ ವಿಮಾನ ಸಂಜೆ ಇದ್ದರೂ ಬೆಳಿಗ್ಗೆ ಎಲ್ಲೂ ಟಿಕೆಟ್ ತೆಗೆಯಬೇಡಿ. ಬ್ಯಾಗನ್ನು ಹೋಟೆಲ್ಲಿನಲ್ಲೇ ಬಿಟ್ಟು ಮೊದಲ ಸಂಜೆ ಹೋದ ಪಾರ್ಕಿಗೆ ಹೋಗಿ, ಕಾಲು ನೋಯುವಷ್ಟು ಓಡಿಸಿ, ಆಮೇಲೆ ಬೇಗನೇ ಏರ್‌ಪೋರ್ಟ್‌ಗೆ. ಸಿಂಗಾಪುರದಿಂದ ಹೊರಡುವವರಾದರೆ ಒಂದು ಗಂಟೆ ಇನ್ನೂ ಬೇಗ ಹೋಗಿ, ಚಾಂಗಿ ಏರ್‌ಪೋರ್ಟಿನ ಜ್ಯುವೆಲ್ ಮಾಲ್‌ನಲ್ಲಿ 40 ಮೀಟರ್ ಎತ್ತರದಿಂದ ಕಟ್ಟಡದ ಒಳಗೇ ನೀರು ಬೀಳುತ್ತದೆ. ಅದು ಇರುವುದು ಸೆಕ್ಯುರಿಟಿ ದಾಟುವ ಮೊದಲು. ದಾಟಿಕೊಂಡು ಹೋಗಿ ಆಮೇಲೆ "ನೀರು ಎಲ್ಲಿ?" ಅಂತ ಮಗು ಕೇಳಿದರೆ ನನ್ನನ್ನು ಬೈಯಬೇಡಿ.